ಬ್ರಿಟನ್ ಬಿಟ್ಟು 15 ವರ್ಷ ಆದ್ರೆ ವೋಟು ಹೋಗಲ್ಲ
"ಬ್ರಿಟಿಷ್ ನಾಗರಿಕರು ದೇಶ ಬಿಟ್ಟು 15 ವರ್ಷ ಆದ್ರೆ ವೋಟೂ ಇಲ್ಲ, ಪೆನ್ಶನ್ನೂ ಬಂದ್" ಅಂತ ಒಂದು ಮೆಸೇಜು ಓಡಾಡ್ತಿದೆ. ಎರಡೂ ತಪ್ಪು.

ವೋಟಿಗೆ 15 ವರ್ಷದ ರೂಲ್ ಮೊದಲು ಇದ್ದಿದ್ದು ನಿಜ, ಆದ್ರೆ 2022ರ ಚುನಾವಣಾ ಕಾಯ್ದೆಯಲ್ಲಿ ಅದನ್ನ ತೆಗೆದುಹಾಕಿದಾರೆ, 2024ರ ಜನವರಿ 16ರಿಂದ ಜಾರಿ. ಇಟಲಿಯಲ್ಲಿದ್ದ ಹ್ಯಾರಿ ಶಿಂಡ್ಲರ್ ಅನ್ನೋ ಮಾಜಿ ಸೈನಿಕರು ಇದಕ್ಕೋಸ್ಕರ ವರ್ಷಾನುಗಟ್ಟಲೆ ಹೋರಾಡಿದ್ರು, ಕಾಯ್ದೆ ಪಾಸಾಗಿದ್ದು ನೋಡಿದ್ರು, ಜಾರಿಗೆ ಬರೋ ಮೊದಲೇ 2023ರಲ್ಲಿ 101ನೇ ವಯಸ್ಸಲ್ಲಿ ತೀರಿಕೊಂಡ್ರು ಪಾಪ.

ಈಗ ಎಷ್ಟೇ ವರ್ಷ ಆಗಿದ್ರೂ ಬ್ರಿಟನ್ನಲ್ಲಿ ಕೊನೇ ಸಲ ಹೆಸರು ನೋಂದಾಯಿಸಿದ್ದ ವಿಳಾಸದ ಕ್ಷೇತ್ರದಲ್ಲಿ ವೋಟರ್ ಆಗೋಕೆ ಅರ್ಜಿ ಹಾಕ್ಬಹುದು, ಅಲ್ಲಿ ವೋಟರ್ ಲಿಸ್ಟಲ್ಲಿ ಯಾವತ್ತೂ ಇರ್ಲಿಲ್ಲ ಅಂದ್ರೆ ಕೊನೆಗೆ ವಾಸ ಇದ್ದ ಕಡೆ, ಆದ್ರೆ ಇದು ಪಾರ್ಲಿಮೆಂಟ್ ಚುನಾವಣೆಗೆ ಮಾತ್ರ, ಸ್ಥಳೀಯ ಕೌನ್ಸಿಲ್‌ಗೆ ಇಲ್ಲ. ಈ ನೋಂದಣಿನ ಮೂರು ವರ್ಷದೊಳಗೆ ರಿನ್ಯೂ ಮಾಡಿಸ್ತಾ ಇರ್ಬೇಕು. ದೂರದ ದೇಶದಲ್ಲಿರೋರು ಪೋಸ್ಟಲ್ ವೋಟು ನೆಚ್ಚಿಕೊಳ್ಳೋದಕ್ಕಿಂತ ಪ್ರಾಕ್ಸಿ (ನಿಮ್ಮ ಪರವಾಗಿ ವೋಟು ಹಾಕೋರು) ಇಟ್ಕೊಳ್ಳೋದೇ ವಾಸಿ ಅನ್ಸುತ್ತೆ, ಟಪಾಲು ಟೈಮಿಗೆ ವಾಪಸ್ ಮುಟ್ಟೋದು ಡೌಟು. ಬ್ರಿಟನ್ನಲ್ಲಿದ್ದು ವಾಪಸ್ ಬಂದ ನಮ್ಮವರಿಗೆ ಒಂದು ಮಾತು: ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡಿದ್ರೆ ಇದು ನಿಮಗೂ ಅನ್ವಯ, ಭಾರತದ ಪಾಸ್‌ಪೋರ್ಟಲ್ಲೇ ಇದ್ರೆ ಇಲ್ಲ.

ಪೆನ್ಶನ್ ಎಲ್ಲೇ ಇದ್ರೂ ಬರುತ್ತೆ. ಭಾರತ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರೋರಿಗೆ ಸರ್ಕಾರಿ ಪೆನ್ಶನ್ ವರ್ಷಾವರ್ಷ ಏರಲ್ಲ, ಶುರುವಾದ ಮೊತ್ತಕ್ಕೇ ನಿಂತುಬಿಡುತ್ತೆ, ಅದು ಅನ್ಯಾಯ ಅನ್ನೋದು ಬೇರೆ ಮಾತು, ಆದ್ರೆ ಬಂದ್ ಅಂತೂ ಅಲ್ಲ. ಆ ಮೆಸೇಜು ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಈಗಾಗ್ಲೇ ಕಳಿಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.