ಪೋರ್ಷನ್ ಮುಗಿಯದ ಡಿಸೆಂಬರ್

ಬೆಳಗ್ಗೆಯಿಂದ ನಮ್ಮ ಬ್ಯಾಚಿನವರದು ಒಂದೇ ಗಲಾಟೆ. 'ಈ ವರ್ಷ ನಾನು ಕಲಿತದ್ದೇನು' ಅಂತ ಎಲ್ಲರೂ ಒಂದೊಂದು ಸಾಲು ಬರೆದು ಕಳಿಸಬೇಕಂತೆ. ಸಂಜೆಯೊಳಗೆ, ನಗುತ್ತಿರುವ ಫೋಟೊ ಸಮೇತ. ಕಳಿಸದವರ ಹೆಸರುಗಳನ್ನು ಪಟ್ಟಿ ಮಾಡಿ ಗಂಟೆಗೊಮ್ಮೆ ಹಾಕುತ್ತಿದ್ದಾರೆ. ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಕಂಡಾಗಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಬಂದಿರುವ ಸಾಲುಗಳನ್ನು ನೋಡಿದೆ. ಒಬ್ಬಳು ಮೌನ ಕಲಿತಿದ್ದಾಳೆ, ಅದನ್ನು ಉದ್ದವಾಗಿ ವಿವರಿಸಿದ್ದಾಳೆ. ಇನ್ನೊಬ್ಬ ತಾಳ್ಮೆ ಕಲಿತಿದ್ದಾನೆ. ಮೊನ್ನೆ ಲಿಫ್ಟ್ ತಡವಾಯಿತು ಅಂತ ಅದರ ಗುಂಡಿಯನ್ನು ಗುದ್ದಿದವನು ಇವನೇ.

ಅಷ್ಟಕ್ಕೂ ಮೆಡಿಕಲ್ ಓದುವವರಿಗೆ ಡಿಸೆಂಬರ್‌ನಲ್ಲಿ ವರ್ಷ ಮುಗಿಯುತ್ತದೆ ಅಂತ ಹೇಳಿದವರು ಯಾರು? ನಮ್ಮ ವರ್ಷ ಮುಗಿಯುವುದು ರಿಸಲ್ಟ್ ಬಂದಾಗ. ಅದೂ ಪಾಸಾಗಿದ್ದರೆ. ಜನವರಿ ಒಂದು ಅನ್ನುವುದು ಯಾವುದೋ ಪೋಸ್ಟಿಂಗ್ ಮಧ್ಯೆ ಬಂದು ಹೋಗುವ ಒಂದು ದಿನ, ಅಷ್ಟೇ. ಜೂಲಿಯಸ್ ಸೀಸರ್ ಕ್ಯಾಲೆಂಡರ್ ಸರಿ ಮಾಡಲು ಹೊರಟಾಗ ಕ್ರಿ.ಪೂ. 46ನೇ ವರ್ಷವನ್ನು 445 ದಿನಗಳವರೆಗೆ ಎಳೆದಿದ್ದ. ಆಮೇಲೆ ಅದಕ್ಕೆ 'ಗೊಂದಲದ ವರ್ಷ' ಅಂತಲೇ ಹೆಸರು ಬಿತ್ತು. ಅದರಲ್ಲಿ ಗೊಂದಲ ಏನು ಕಂಡಿತೋ ನನಗೆ ತಿಳಿಯದು. ಎಂಬತ್ತು ದಿನ ಜಾಸ್ತಿ! ಫಾರ್ಮಕಾಲಜಿ ಇನ್ನೊಂದು ಸಲ ತಿರುವಿ ಹಾಕಬಹುದಿತ್ತು.

ಕಲಿತದ್ದರ ಬದಲು ಮರೆತದ್ದನ್ನು ಕೇಳಿದ್ದರೆ ಪುಟಗಟ್ಟಲೆ ಬರೆದುಕೊಡುತ್ತಿದ್ದೆ. ಮೊದಲ ಹೆಸರು ಕ್ರೆಬ್ಸ್ ಸೈಕಲ್ಲಿನದು, ಅಂದರೆ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಅನ್ನುವ ಪುಟ್ಟ ಭಾಗದಲ್ಲಿ ಆಹಾರದಿಂದ ಶಕ್ತಿ ತೆಗೆಯುವ ಎಂಟು ಮೆಟ್ಟಿಲಿನ ಚಕ್ರದ್ದು. ಇದನ್ನು ನಾನು ಬಾಯಿಪಾಠ ಮಾಡದ ಪರೀಕ್ಷೆಯಿಲ್ಲ, ಪರೀಕ್ಷೆಯ ಮಾರನೇ ದಿನ ಮರೆಯದೇ ಇದ್ದದ್ದೂ ಇಲ್ಲ. ಸಿಟ್ರೇಟ್, ಐಸೋಸಿಟ್ರೇಟ್, ಆಲ್ಫಾ ಕೀಟೋಗ್ಲುಟರೇಟ್... ಇಲ್ಲಿಯವರೆಗೆ ಧೈರ್ಯವಾಗಿ ಬರುತ್ತೇನೆ. ಸಕ್ಸಿನೈಲ್ ಕೋಎ ಹತ್ತಿರ ದನಿ ಸಣ್ಣದಾಗುತ್ತದೆ. ಫ್ಯೂಮರೇಟ್ ಮೊದಲೋ ಮ್ಯಾಲೇಟ್ ಮೊದಲೋ ಅನ್ನುವಷ್ಟರಲ್ಲಿ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ತೆಗೆದುಕೊಳ್ಳುವವರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. 'ಹೋಗಲಿ, ಇದರಲ್ಲಿ ಒಂದೇ ಒಂದು ಎನ್ಜೈಮ್ ಮೈಟೋಕಾಂಡ್ರಿಯಾದ ಒಳಪೊರೆಗೆ ಅಂಟಿಕೊಂಡಿದೆ. ಯಾವುದು?' ಸಕ್ಸಿನೇಟ್ ಡಿಹೈಡ್ರೋಜಿನೇಸ್. ಈಗ ಥಟ್ಟನೆ ಬಂತು ನೋಡಿ, ಕೇಳುವವರಿಲ್ಲದಾಗ.

ಹೊಟ್ಟೆ ಉರಿಯುವುದು ಇದಕ್ಕೆ: ಆ ಚಕ್ರ ನನ್ನೊಳಗೇ ತಿರುಗುತ್ತಿದೆ. ವೈವಾದಲ್ಲಿ ಬಾಯಿ ಕಟ್ಟಿ ನಿಂತಿದ್ದಾಗಲೂ ನನ್ನ ಒಂದೊಂದು ಜೀವಕೋಶವೂ ಎಂಟೂ ಮೆಟ್ಟಿಲುಗಳನ್ನು ತಪ್ಪಿಲ್ಲದೆ ಹತ್ತಿ ಇಳಿಯುತ್ತಿತ್ತು. ಕೆಂಪು ರಕ್ತಕಣಗಳನ್ನು ಬಿಟ್ಟು. ಅವಕ್ಕೆ ಮೈಟೋಕಾಂಡ್ರಿಯಾನೇ ಇಲ್ಲ. ಪುಣ್ಯವಂತರು.

ಈ ಸಿಟ್ಟಿನಲ್ಲೇ ಹ್ಯಾನ್ಸ್ ಕ್ರೆಬ್ಸ್ ಯಾರು ಅಂತ ಹುಡುಕಿಕೊಂಡು ಹೋದೆ. ಪೋರ್ಷನ್ ಬಾಕಿ ಇರುವಾಗ ಇಂಥ ಕೆಲಸಕ್ಕೆ ಎಲ್ಲಿಲ್ಲದ ಉತ್ಸಾಹ ಬರುತ್ತದೆ. ಅವರು ಜರ್ಮನಿಯ ವೈದ್ಯರು. 1933ರಲ್ಲಿ ಯಹೂದಿ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಬಂದವರು. ಷೆಫೀಲ್ಡ್‌ನಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನು ನುಣ್ಣಗೆ ಕೊಚ್ಚಿ ಪ್ರಯೋಗ ಮಾಡಿದರು. 1937ರಲ್ಲಿ ಈ ಚಕ್ರದ ಬಗ್ಗೆ 'ನೇಚರ್' ಪತ್ರಿಕೆಗೆ ಪುಟ್ಟ ಬರಹವೊಂದನ್ನು ಕಳಿಸಿದರು. ಏಳೆಂಟು ವಾರಕ್ಕೆ ಸಾಕಾಗುವಷ್ಟು ಪತ್ರಗಳು ಈಗಾಗಲೇ ಬಂದಿವೆ ಅಂತ ಅದು ವಾಪಸ್ ಬಂತು. ಎಂಥ ಒಳ್ಳೆಯ ಸಂಪಾದಕರು! ಕ್ರೆಬ್ಸ್ ಅಷ್ಟಕ್ಕೆ ಬೇಜಾರಾಗಿ ಸುಮ್ನಿರಬಹುದಿತ್ತು ಅಲ್ವಾ? ಇಲ್ಲ. ಹಾಲೆಂಡಿನ ಪತ್ರಿಕೆಯೊಂದಕ್ಕೆ ಕಳಿಸಿ ಅಚ್ಚು ಹಾಕಿಸಿದರು. 1953ರಲ್ಲಿ ನೊಬೆಲ್ ಬಂತು. ಸೋಲಿಗೆ ಅಂಜದೆ ಮುನ್ನುಗ್ಗಿ ಅನ್ನುವ ಭಾಷಣಗಳಿಂದ ಯಾರಿಗೆ ಎಷ್ಟು ತೊಂದರೆಯಾಗುತ್ತದೆ ಅಂತ ಭಾಷಣ ಮಾಡುವವರು ಯೋಚಿಸುವುದೇ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಜರ್ಮನಿಯಲ್ಲಿದ್ದಾಗಲೇ, 1932ರಲ್ಲಿ, ಇದೇ ಕ್ರೆಬ್ಸ್ ಮೈಯಲ್ಲಿನ ಅಮೋನಿಯಾವನ್ನು ಯೂರಿಯಾ ಮಾಡುವ ಯೂರಿಯಾ ಸೈಕಲ್ಲನ್ನೂ ಕಂಡುಹಿಡಿದಿದ್ದರು. ಅದರಲ್ಲಿ ಜೊತೆಗಿದ್ದವನ ಹೆಸರು ಕುರ್ಟ್ ಹೆನ್ಸಲೈಟ್. ಆಗ ಅವನು ಏನು ಮಾಡುತ್ತಿದ್ದ ಗೊತ್ತೇ? ಮೆಡಿಕಲ್ ಓದುತ್ತಿದ್ದ. ನಮ್ಮವನೇ! ಪಿತ್ತಜನಕಾಂಗದ ತೆಳು ಹೋಳುಗಳನ್ನು ಇಟ್ಟುಕೊಂಡು ಹೊಸ ಚಕ್ರ ಹುಡುಕುವಷ್ಟು ಬಿಡುವು ಒಬ್ಬ ವಿದ್ಯಾರ್ಥಿಗೆ ಎಲ್ಲಿಂದ ಬಂತು? ಅವನಿಗೆ ಇಂಟರ್ನಲ್ಸ್ ಇರಲಿಲ್ಲವೇ? ರೆಕಾರ್ಡ್ ಬರೆಯುವುದಿರಲಿಲ್ಲವೇ? ಪ್ರೊಫೆಸರ್ ಒಬ್ಬರು ಕಂಡುಹಿಡಿದರೆ ಅದು ಅವರ ಹೊಟ್ಟೆಪಾಡು ಅಂತ ಕ್ಷಮಿಸಬಹುದು. ಮುಂದೆ ಬರುವ ಜೂನಿಯರುಗಳ ಮುಖ ನೆನೆಸಿಕೊಳ್ಳದೆ ವಿದ್ಯಾರ್ಥಿಯೇ ಸಿಲಬಸ್ ಬೆಳೆಸಿದ್ದನ್ನು ಮಾತ್ರ ಕ್ಷಮಿಸಲಾರೆ.

ಮರೆವಿನ ಬಗ್ಗೆ 1885ರಲ್ಲೇ ಎಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ. ಅರ್ಥವೇ ಇಲ್ಲದ ಉಚ್ಚಾರಗಳನ್ನು ತಾವೇ ಉರು ಹೊಡೆದು, ತಾವೇ ಪರೀಕ್ಷೆ ಮಾಡಿಕೊಂಡರು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ತಿಂಗಳು ಕಳೆದಾಗ ಉಳಿದದ್ದು ಐದನೇ ಒಂದು ಪಾಲು. ಅರ್ಥವಿಲ್ಲದ್ದನ್ನು ಉರು ಹೊಡೆಯುವ ಕಷ್ಟ ನಮಗೂ ಗೊತ್ತು. ಅವರಿಗೆ ವೈವಾ ಇರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಇನ್ನು ಹೊಸ ವರ್ಷದ ಸಂಕಲ್ಪಗಳು. ಇವನ್ನು ಕೂತು ಯೋಚಿಸುವ ಕಷ್ಟ ನಮಗಿಲ್ಲ. ವಾರ್ಡಿನಲ್ಲಿ ದಿನವೂ ಬೇರೆಯವರಿಗೆ ಹೇಳುವುದನ್ನೇ ಬರೆದುಕೊಂಡರೆ ಆಯಿತು. ದಿನಕ್ಕೆ ಏಳು ಗಂಟೆ ನಿದ್ದೆ. ಐದು ಗ್ರಾಮಿಗಿಂತ ಕಡಿಮೆ ಉಪ್ಪು. ವಾರಕ್ಕೆ 150 ನಿಮಿಷ ಚುರುಕು ನಡಿಗೆ. ಇದನ್ನೆಲ್ಲ ಒಬ್ಬ ಹಿರಿಯ ರೋಗಿಗೆ ಒಪ್ಪಿಸುತ್ತಿದ್ದೆ. ಅವರು ನನ್ನ ಕಣ್ಣಿನ ಕೆಳಗಿನ ಕಪ್ಪನ್ನೇ ನೋಡುತ್ತಿದ್ದರು. 'ನಿನ್ನೆ ಎಷ್ಟೊತ್ತಿಗೆ ಮಲಗಿದೆಯಪ್ಪಾ?' ಅಂದರು. ನಾನು ಬಿಪಿ ನೋಡುವ ಪಟ್ಟಿ ಸುತ್ತತೊಡಗಿದೆ. ಆ ಪಟ್ಟಿ ಇಂಥ ಸಮಯದಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಬಹುಕಾಲದ ಕಾಯಿಲೆ ಇರುವವರಲ್ಲಿ, ಮುಂದುವರಿದ ದೇಶಗಳಲ್ಲೂ, ಹೇಳಿದ ಹಾಗೆ ಔಷಧ ತೆಗೆದುಕೊಳ್ಳುವವರು ಸುಮಾರು ಅರ್ಧದಷ್ಟು ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿತ್ತು. ಇದನ್ನು ಓದಿ ರೋಗಿಗಳನ್ನು ಬಯ್ಯುವ ಸಹಪಾಠಿಗಳಿದ್ದಾರೆ. ನನಗೆ ಆ ಅರ್ಧ ಜನರ ಮೇಲೆ ಗೌರವ ಉಕ್ಕುತ್ತದೆ. ವರ್ಷಾನುಗಟ್ಟಲೆ, ದಿನವೂ, ಹೇಳಿದ್ದನ್ನು ಮಾಡುವುದು! ನಾನು ಕೊಂಡ ಹೊಸ ಡೈರಿಗಳೆಲ್ಲ ಜನವರಿ ಎರಡನೇ ವಾರದಿಂದ ಬೆಳ್ಳಗಿವೆ.

ಒಂದು ಸಂಕಲ್ಪವನ್ನಂತೂ ಗಟ್ಟಿಯಾಗಿ ಇಟ್ಟುಕೊಂಡಿದ್ದೇನೆ. ಹಿಸ್ಟರಿ, ಅಂದರೆ ಕಾಯಿಲೆಯ ಹಿನ್ನೆಲೆ, ಕೇಳುವಾಗ ರೋಗಿಯ ಮಾತಿಗೆ ಅಡ್ಡ ಬಾಯಿ ಹಾಕಬಾರದು. ಅಮೆರಿಕದ ಇಬ್ಬರು ಸಂಶೋಧಕರು 1984ರಲ್ಲಿ ಅಳೆದು ನೋಡಿದ್ದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ನುಗ್ಗುತ್ತಿದ್ದರಂತೆ. ಓದಿ ನಾಚಿಕೆಯಾಯಿತು. ಆಮೇಲೆ ನಿಧಾನವಾಗಿ ಹೊಟ್ಟೆಕಿಚ್ಚಾಯಿತು. ರೌಂಡ್ಸ್‌ನಲ್ಲಿ ಪ್ರೊಫೆಸರ್ ಮುಂದೆ ನನಗೆ ಯಾವತ್ತಾದರೂ 18 ಸೆಕೆಂಡ್ ಸಿಕ್ಕಿದೆಯೇ? 'ಸರ್, ಐವತ್ತನಾಲ್ಕು ವರ್ಷದ...' ಅನ್ನುತ್ತಿದ್ದ ಹಾಗೆ ಬರುತ್ತದೆ: 'ಕಾಲು ಊದಿದೆಯಾ ನೋಡಿದೆಯೇನಪ್ಪಾ?'

ನೋಡಿರುವುದಿಲ್ಲ.