ಚಿಮ್ಮಿದರೆ ಕೈಗೇ ಬರಬೇಕು

ಹವಾಯಿ ಚಪ್ಪಲಿಯನ್ನು ಕಾಲಿಂದಲೇ ಚಿಮ್ಮಿಸಿ, ಗಾಳಿಯಲ್ಲಿ ಒಂದು ಪಲ್ಟಿ ಹೊಡೆಸಿ, ಕೈಯಲ್ಲಿ ಹಿಡಿಯಬೇಕು. ಕೇಳೋಕೆ ಸುಲಭ. ನಾನು ನಾಲ್ಕು ಸಲ ಮಾಡಿ ನೋಡಿದೆ. ಮೂರು ಸಲ ಕೆಳಗೆ ಬಿತ್ತು, ನಾಲ್ಕನೇ ಸಲ ಕಿಟಕಿಯ ಸಜ್ಜಾ ಮೇಲೆ ಹೋಗಿ ಕೂತಿತು. ಇದಕ್ಕೆಲ್ಲ ಕಾರಣ ಸ್ವಿಟ್ಜರ್ಲೆಂಡಿನ ದಿದಿಯೆ ಕೂಶ್.

ಕೂಶ್ ಹಿಮದ ಮೇಲೆ ಸ್ಕೀ ಓಡಿಸುತ್ತಿದ್ದವನು. ರೇಸ್ ಮುಗಿಸಿ ಗೆರೆ ದಾಟಿ ನಿಂತ ಮೇಲೆ, ಏದುಸಿರು ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲಿ ಒಂದು ಸ್ಕೀಯನ್ನು ಬೂಟಿನಿಂದ ಬಿಡಿಸಿ ಕಾಲಲ್ಲೇ ಮೇಲಕ್ಕೆ ಚಿಮ್ಮುತ್ತಿದ್ದ. ಎರಡು ಮೀಟರಿಗಿಂತ ಉದ್ದದ ಹಲಗೆ ಅದು. ಗಿರ್ರನೆ ತಿರುಗಿ, ಸಾಕಿದ ನಾಯಿ ಹಾಗೆ ಕೈಗೆ ಬಂದು ಸೇರುತ್ತಿತ್ತು. ಜನ ಇದಕ್ಕೇ ಕಾಯೋರು.

ಆತ ಬಂದದ್ದು ಎಲ್ಲಿಂದ ಅಂತೀರಿ? ನೆಶಾಟೆಲ್ ಪ್ರಾಂತ್ಯದ ಲೆ ಪಾಕಿಯೆ ಅನ್ನೋ ಹಳ್ಳಿಯಿಂದ. ಕಲಿತ ಕಸುಬು ಮಾಂಸ ಕಡಿಯೋದು. 1998ರಲ್ಲಿ ನಗಾನೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂತು. ಆಮೇಲೆ ಮತ್ತೊಂದು ಒಲಿಂಪಿಕ್ ಪದಕ ಬರಲೇ ಇಲ್ಲ. 2009ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೂಪರ್-ಜಿ (ಕಂಬಗಳ ನಡುವೆ ತಿರುಗುತ್ತಾ ವೇಗವಾಗಿ ಇಳಿಯೋ ರೇಸ್) ಚಿನ್ನ ಗೆದ್ದ, ಅಲ್ಲೇ ಡೌನ್‌ಹಿಲ್ (ಸ್ಕೀ ರೇಸುಗಳಲ್ಲೇ ಅತಿ ವೇಗದ ಇಳಿತ) ಚಿನ್ನ ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗಕ್ಕೆ ತಪ್ಪಿತು. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. 2010ರಲ್ಲಿ ಕೈ ಹೆಬ್ಬೆರಳು ಮುರಿದುಕೊಂಡು ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೋದ. ಡೌನ್‌ಹಿಲ್ ಚಿನ್ನ ಸ್ವಿಟ್ಜರ್ಲೆಂಡಿಗೇ ಬಂತು, ದಿದಿಯೆಗೇ ಬಂತು, ಆದರೆ ಆ ದಿದಿಯೆ ಬೇರೆ, ದಿದಿಯೆ ದೆಫಾಗೊ! ಹಣೆಬರಹ ತಮಾಷೆ ಮಾಡೋದು ಅಂದ್ರೆ ಇದೇ ಅಲ್ವಾ.

ಆದರೆ ಕಿಟ್ಸ್‌ಬ್ಯೂಲ್ ಮಾತ್ರ ಆತನ ಕೈಬಿಡಲಿಲ್ಲ. ಆಸ್ಟ್ರಿಯಾದ ಆ ಊರಲ್ಲಿ ಶ್ಟ್ರೈಫ್ ಅನ್ನೋ ಇಳಿಜಾರಿದೆ, 3.3 ಕಿಲೋಮೀಟರ್ ಉದ್ದ, ಚೆನ್ನಾಗಿ ಇಳಿದವರು ಎರಡು ನಿಮಿಷದೊಳಗೆ ಬುಡದಲ್ಲಿರುತ್ತಾರೆ, ಚೆನ್ನಾಗಿ ಇಳಿಯದವರು ಬದಿಯ ಬಲೆಯಲ್ಲಿರುತ್ತಾರೆ. ಶುರುವಿನಲ್ಲೇ ಒಂದು ಜಾಗ, ಹೆಸರು ಇಲಿಬೋನು. ಶೇಕಡಾ 85ರಷ್ಟು ಇಳಿಜಾರು. ನೂರು ಅಡಿ ಮುಂದೆ ಹೋಗೋಷ್ಟರಲ್ಲಿ ಎಂಬತ್ತೈದು ಅಡಿ ಕೆಳಗೆ. ನನಗೆ ಬಸ್ ಸ್ಟಾಪಿನ ಫುಟ್‌ಓವರ್ ಬ್ರಿಡ್ಜ್ ಇಳಿಯುವಾಗಲೇ ಕಂಬಿ ಬೇಕು.

ಇಲ್ಲಿ ಕೂಶ್ ಐದು ಸಲ ಡೌನ್‌ಹಿಲ್ ಗೆದ್ದ. ಐದನೆಯದು 2012ರ ಜನವರಿಯಲ್ಲಿ. ಈ ಸೀಸನ್ ಮುಗಿದ ಮೇಲೆ ಸಾಕು ಅಂತ ಹೇಳಿ ಎರಡೇ ದಿನ ಆಗಿತ್ತು, ವಯಸ್ಸು ಮೂವತ್ತೇಳು. ಮುರಿದದ್ದು ಫ್ರಾಂಜ್ ಕ್ಲಾಮರ್‌ನ ನಾಲ್ಕು ಗೆಲುವಿನ ದಾಖಲೆ, ಅದೂ ಕ್ಲಾಮರ್‌ನ ಸ್ವಂತ ದೇಶದಲ್ಲಿ.

ಇಷ್ಟು ಗೆದ್ದವರು ಬೇರೆಯವರೂ ಇದ್ದಾರೆ. ಜಾಸ್ತಿ ಗೆದ್ದವರೂ ಇದ್ದಾರೆ. ನನಗೆ ಈತನೇ ಹತ್ತಿರ ಅನ್ನಿಸೋದು ಆ ಪಲ್ಟಿಯಿಂದ. ಅಷ್ಟು ಹೊತ್ತು ಪ್ರಾಣ ಒತ್ತೆಯಿಟ್ಟು ಬಂದವನು, ಕಾಲಲ್ಲಿರೋದನ್ನು ಸುಮ್ನೆ ಆಟದ ಸಾಮಾನು ಮಾಡಿಬಿಡುತ್ತಾನಲ್ಲ.

ಅದೇ ವರ್ಷ ಮಾರ್ಚಿನಲ್ಲಿ ಆಸ್ಟ್ರಿಯಾದ ಶ್ಲಾಡ್ಮಿಂಗ್‌ನಲ್ಲಿ ಆತನ ಕೊನೆಯ ರೇಸ್. ಮರದ ಸ್ಕೀ ಕಟ್ಟಿಕೊಂಡು, ಅಜ್ಜಂದಿರ ಕಾಲದ ಬಟ್ಟೆ ಹಾಕಿಕೊಂಡು ಇಳಿದ. ವರ್ಷಗಟ್ಟಲೆ ನೂರರಲ್ಲೊಂದು ಸೆಕೆಂಡಿಗೆ ಗುದ್ದಾಡಿದವನು, ಅವತ್ತು ಗಡಿಯಾರವನ್ನು ಅದರ ಪಾಡಿಗೆ ಓಡೋಕೆ ಬಿಟ್ಟ.