ಉದ್ಯೋಗ: ಇಲ್ಲ

ಕಳೆದ ವಾರ ಪಕ್ಕದ ಮನೆಯ ಅಕ್ಕನಿಗೆ ಒಂದು ಅರ್ಜಿ ತುಂಬಿಸಿ ಕೊಟ್ಟೆ. ಅರ್ಜಿ ಮಲಯಾಳದಲ್ಲಿತ್ತು. ಅಕ್ಕ ಓದಿದ್ದು ಕನ್ನಡ, ಅದೂ ಏಳನೇ ಕ್ಲಾಸಿನ ತನಕ. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ನಮಗೆ ಇದೇನೂ ಹೊಸತಲ್ಲ ಬಿಡಿ. ಹೆಸರು, ವಾರ್ಡು, ರೇಷನ್ ಕಾರ್ಡ್ ನಂಬರು ಎಲ್ಲ ಬರೆದು 'ಉದ್ಯೋಗ' ಎಂಬಲ್ಲಿಗೆ ಬಂದೆ. ಅಕ್ಕನನ್ನು ಕೇಳಲೂ ಇಲ್ಲ. 'ಇಲ್ಲ' ಎಂದು ಬರೆದುಬಿಟ್ಟೆ.

ಹೆಣ್ಣುಮಕ್ಕಳ ಹಕ್ಕು ಎಂದು ಇಲ್ಲಿ ಉದ್ದುದ್ದ ಬರೆಯುವ ನಾನೇ ಬರೆದದ್ದು ಅದು.

ಅಕ್ಕನ ಮಗನಿಗೆ ಈಗ 29 ವರ್ಷ. ಎದ್ದು ಕೂರಲು ಆಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಅವನ ಬಟ್ಟೆ ಬದಲಿಸುವಲ್ಲಿಂದ ಅವರ ದಿನ ಶುರು. ಗಂಜಿಯನ್ನು ನುಣ್ಣಗೆ ಮಾಡಿ ಚಮಚದಲ್ಲಿ ಕುಡಿಸಬೇಕು. ಒಂದು ಹೊತ್ತಿನ ಊಟಕ್ಕೆ ಒಂದು ಗಂಟೆ. ಬೆನ್ನು ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಅವನಿಗೆ ನಿದ್ದೆ ಬಂದ ಮೇಲೆ ಗೆರಸೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಬೇಕಾದರೂ ಯಾರಾದರೂ ಬಂದು ಅವನ ಹತ್ತಿರ ಕೂರಬೇಕು.

ಅಕ್ಕನ ಮಗನಂಥ ಎಂಡೋ ರೋಗಿಗಳನ್ನು, ಅಂದರೆ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ ಸಿಕ್ಕಿ ಕಾಯಿಲೆಯಾದವರನ್ನು ನೋಡಿಕೊಳ್ಳುವವರಿಗೆ ಸರಕಾರ ಇಟ್ಟಿರುವ ಸಹಾಯಧನ ತಿಂಗಳಿಗೆ 700 ರೂಪಾಯಿ. ಮೂವತ್ತರಿಂದ ಭಾಗಿಸಿ ನೋಡಿ. ದಿನಕ್ಕೆ 23 ರೂಪಾಯಿ ಚಿಲ್ಲರೆ. ಅದೇ ತೊಳಿಲುರಪ್ಪು ಕೆಲಸಕ್ಕೆ, ಅಂದರೆ ಉದ್ಯೋಗ ಖಾತರಿಗೆ ಹೋದರೆ 2025-26ರ ಕೂಲಿ ದಿನಕ್ಕೆ 369. ತೋಡಿನ ಹೂಳು ತೆಗೆಯುವುದು ಕೆಲಸ, ಮನುಷ್ಯನನ್ನು ಬದುಕಿಸಿ ಇಡುವುದು ಕೆಲಸ ಅಲ್ಲ!

ಹೊರಗಿನವರಿಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಮ್ಮಲ್ಲಿ ಗುಡ್ಡದ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟ, ಕೆಳಗೆ ಮನೆಗಳು. ಸರಕಾರದ್ದೇ ತೋಟ. ಜಿಲ್ಲೆಯಲ್ಲಿ ಒಟ್ಟು 4,500 ಹೆಕ್ಟೇರಿಗಿಂತ ಜಾಸ್ತಿ. ಟೀ ಸೊಳ್ಳೆ ಎಂಬ ಕೀಟ ಗೇರಿನ ಹೂವು ಒಣಗಿಸುತ್ತದೆ ಎಂದು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಬಾವಿ ಮುಚ್ಚಿ ಎಂದರು. ಮುಚ್ಚುವವರು ಯಾರು? ಹೆಂಗಸರೇ. ತೆಂಗಿನ ಮಡಲು, ಹಳೇ ಸೀರೆ, ಕೈಗೆ ಸಿಕ್ಕಿದ್ದು. ಆದರೆ ಇಲ್ಲಿ ಎಷ್ಟೋ ಮನೆಗಳಿಗೆ ಬಾವಿ ಇಲ್ಲ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಅದು ಆ ಗುಡ್ಡದ ಹೊಟ್ಟೆಯೊಳಗಿಂದಲೇ ಹರಿದು ಬರುವುದು. ಗುಡ್ಡಕ್ಕೆ ಮುಚ್ಚಳ ಹಾಕಲಿಕ್ಕೆ ಆಗ್ತದಾ? ಆ ನೀರನ್ನು ಕೊಡದಲ್ಲಿ ತುಂಬಿ, ಅದರಲ್ಲೇ ಅಡುಗೆ ಮಾಡಿ, ಬಸುರಿಯಾಗಿ ಅದನ್ನೇ ಕುಡಿದವರು ಇವರು.

ಕಾಯಿಲೆಗಳಿಗೆಲ್ಲ ಎಂಡೋಸಲ್ಫಾನೇ ಕಾರಣವಾ ಎಂದು ವಾದ ಮಾಡುವವರು ಈಗಲೂ ಇದ್ದಾರೆ. ಮಾಡಲಿ. ವಾದ ಮುಗಿಯುವ ತನಕ ಅಕ್ಕ ಮಗನ ಮಗ್ಗುಲು ಬದಲಿಸದೆ ಕೂರಲು ಆಗುವುದಿಲ್ಲ.

ಹೋದ ಸಲ ಈ ವಿಷಯ ಬರೆದಾಗ ಒಬ್ಬರು ಕೇಳಿದ್ದರು, "ಮೇಡಂ, ವಿಷ ಗಂಡು ಹೆಣ್ಣು ನೋಡ್ತದಾ? ಇದರಲ್ಲೂ ಸ್ತ್ರೀವಾದ ಯಾಕೆ?" ವಿಷ ನೋಡುವುದಿಲ್ಲ ಸರ್. ವಿಷ ಸುರಿದ ಮೇಲೆ ಬಂದ ಕೆಲಸ ನೋಡ್ತದೆ. ಅದು ಸೀದಾ ಬಂದು ಅಡುಗೆಮನೆಯ ಬಾಗಿಲು ತಟ್ಟುತ್ತದೆ. ಗೇರುಬೀಜದ ಲಾಭ ತೋಟದ ಲೆಕ್ಕಕ್ಕೆ ಹೋಯಿತು. ನಷ್ಟ ಮಾತ್ರ ಇವರ ಸೊಂಟಕ್ಕೆ ಬಿತ್ತು. ಅಕ್ಕನ ಮಗಳು ತಮ್ಮನನ್ನು ನೋಡಿಕೊಳ್ಳಲು ಎಂದು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಳು. ಆಮೇಲೆ ಅವಳನ್ನು ನೋಡಲು ಬಂದ ಗಂಡುಗಳೆಲ್ಲ 'ಎಂಡೋ ಮನೆ' ಎಂದು ಹಿಂದೆ ಹೋದರು. ಇದನ್ನು ಯಾವ ಪಟ್ಟಿಗೆ ಸೇರಿಸುವುದು?

ಹಾಗೆಂದು ನಮ್ಮ ಹೆಂಗಸರು ಸುಮ್ನೆ ಅಳುತ್ತಾ ಕೂತವರಲ್ಲ. ಕೃಷಿ ಇಲಾಖೆಯ ಕೆಲಸದಲ್ಲಿದ್ದುಕೊಂಡೇ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯದೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ, ಕೊನೆಗೆ ಹೆಲಿಕಾಪ್ಟರಿಗೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಆ ವಿಷವನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ, ಮೂರು ತಿಂಗಳೊಳಗೆ ಎಲ್ಲ ಸಂತ್ರಸ್ತರಿಗೂ ತಲಾ 5 ಲಕ್ಷ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಕೊಟ್ಟರಾ? 2019ರ ಜನವರಿ 30ಕ್ಕೆ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಐನೂರು ಕಿಲೋಮೀಟರಿಗೂ ಜಾಸ್ತಿ ದೂರದ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟ್ ಎದುರು ಕೂರಬೇಕಾಯಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಲೆಕ್ಕ ಕೇಳಿದಾಗ, 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟೇ ಎಂಟು ಮಂದಿಗೆ. ಅವರು ಕೋರ್ಟಿನ ಬಾಗಿಲಿಗೆ ಮತ್ತೆ ಹೋದವರು.

ಆ ಅಮ್ಮಂದಿರ ಫೋಟೋ ಹಾಕಿ 'ತ್ಯಾಗಮಯಿ' ಎಂದು ಬರೆಯುವವರನ್ನು ಕಂಡರೆ ನನಗೆ ಈಗೀಗ ಸಿಟ್ಟು ಬರುತ್ತದೆ. ತ್ಯಾಗಕ್ಕೆ ಯಾರೂ ಕೂಲಿ ಕೊಡಬೇಕಾಗಿಲ್ಲ ನೋಡಿ, ಅದಕ್ಕೇ ಆ ಶಬ್ದ ಎಲ್ಲರಿಗೂ ಇಷ್ಟ. ಇದು ಕೆಲಸ. ಇದಕ್ಕೆ ಕೂಲಿ ಬೇಕು, ಕಡಿಮೆ ಎಂದರೂ ತೊಳಿಲುರಪ್ಪಿನಷ್ಟು. ವಾರಕ್ಕೊಂದು ರಜೆ ಬೇಕು. ರಜೆಯ ದಿನ ಮಗನನ್ನು ನೋಡಿಕೊಳ್ಳಲು ಪಂಚಾಯತು ಜನ ಕೊಡಬೇಕು. ಬರೀ ಹೆಂಗಸರನ್ನಲ್ಲ, ಗಂಡಸರನ್ನೂ. ಆ ಗುಡ್ಡದಲ್ಲಿ ಮುಂದೆ ಏನು ಬೆಳೆಸಬೇಕು ಎಂದು ಮಾತಾಡುವಾಗ, ಕೆಳಗೆ ನೀರು ಹೊರುವವರನ್ನೂ ಕರೆದು ಕೂರಿಸಬೇಕು.

ಮೊನ್ನೆ ಅಕ್ಕನಿಗೆ ಸೊಂಟ ಹಿಡಿದುಕೊಂಡಿತು. ಬಸ್ಸು ಹತ್ತಿ ಡಾಕ್ಟ್ರ ಹತ್ತಿರ ಹೋಗಿ ಬಂದರು. ಅಷ್ಟು ಹೊತ್ತು ಮಗನ ಹತ್ತಿರ ನಾನಿದ್ದೆ. ಎರಡು ಸಲ ಮಗ್ಗುಲು ಬದಲಿಸುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು.

"ಎಂತ ಹೇಳಿದರು ಅಕ್ಕಾ?"

"ಹದಿನೈದು ದಿನ ಭಾರ ಎತ್ತಬಾರದಂತೆ ಮಾರಾಯ್ತಿ," ಎಂದು ನಗಾಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಮಗನ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿದರು.